ಹೊಸಬರ ಮಾತು ಮೊದಲು

ನಗರಸಭೆಗೆ ಹೋಗಬೇಕಾದ ದಿನ ಬೆಳಗ್ಗೆ ಇಸ್ತ್ರಿ ಅತ್ತೆ ತಮ್ಮ ಸಂಘದ ಮುಂದಾಳುಗಳೆಲ್ಲರ ಬಟ್ಟೆಯನ್ನೂ ಅಂಗಡಿಗೇ ತರಿಸಿಕೊಂಡರು. ವಕೀಲಮ್ಮನ ಕಪ್ಪು ಕೋಟು, ಬಸ್ಸು ಓಡಿಸುವ ಡ್ರೈವರಣ್ಣನ ಬಿಳಿ ಅಂಗಿ, ಬೇಕರಿ ಹುಡುಗಿಯ ನೀಲಿ ನಿಲುವಂಗಿ. ಹುಡುಗಿಗೆ ತುಂಬಿದ ತಿಂಗಳು. ನಿಲುವಂಗಿಯ ಎರಡೂ ಪಕ್ಕ ಬಿಚ್ಚಿ, ಬೇರೆ ಬಟ್ಟೆ ಕೂಡಿಸಿ, ಅಗಲ ಮಾಡಿಕೊಂಡಿದ್ದಳು. ಆ ಹೊಲಿಗೆಯ ಮೇಲೆ ಅತ್ತೆ ನೀರು ಚಿಮುಕಿಸಿ, ಇಸ್ತ್ರಿಪೆಟ್ಟಿಗೆಯ ಮೂತಿಯನ್ನು ಮೆಲ್ಲಗೆ ಆಡಿಸಿ, ಒಂದು ಸುಕ್ಕೂ ಉಳಿಯದಂತೆ ಒತ್ತಿದರು.

"ನಮ್ಮ ಮಾತು ಕೇಳ್ತಾರೋ ಬಿಡ್ತಾರೋ ಅವರಿಷ್ಟ. ಬಟ್ಟೆ ಮುದುಡಿದೆ ಅಂತ ಮಾತ್ರ ಯಾರೂ ಅನ್ನಬಾರದು," ಎಂದರು.

"ಲೀಡರಮ್ಮಾ, ನನ್ನ ಅಂಗಿ?" ಎಂದು ಅವರ ಯಜಮಾನರು ಗಂಟು ಕಟ್ಟುತ್ತಲೇ ಕೇಳಿದರು.

"ನೀವು ಅಂಗಡೀಲಿ ಕೂರೋರು. ನಿಮ್ಮನ್ನ ಯಾರು ನೋಡ್ತಾರೆ?"

"ನೀನು ನೋಡ್ತೀಯಲ್ಲ."

"ನೋಡಿ ನೋಡಿ ಕಣ್ಣು ಸವೆದಿದೆ. ಆ ಪಕ್ಕದ ಬೀದಿ ಗಂಟು ಕೊಟ್ಟು ಬನ್ನಿ, ಹೋಗಿ."

ಬಾಯಿ ಹೀಗೆ ಜೋರಾಗಿದ್ದರೂ ಅತ್ತೆ ಆ ಬೆಳಗ್ಗೆ ಒತ್ತಿದ ಕೋಟನ್ನೇ ಮತ್ತೆ ಮತ್ತೆ ಒತ್ತುತ್ತಿದ್ದರು.

ಅವರು ಈ ಊರಿಗೆ ಬಂದದ್ದು ಮದುವೆಯಾದ ಹೊಸತರಲ್ಲಿ. ಊರಿನ ಭಾಷೆಯ ಒಂದಕ್ಷರವೂ ಬಾರದು. ಚೊಚ್ಚಲ ಹೆರಿಗೆಗೆ ಆಸ್ಪತ್ರೆಗೆ ಸೇರಿದಾಗ ಸುತ್ತ ನಿಂತವರೆಲ್ಲ ಏನೇನೋ ಹೇಳಿದರು. ಇವರು ಏನೇನೋ ಬೇಡಿಕೊಂಡರು. ಬೆನ್ನು ಸೀಳಿಹೋಗುತ್ತಿದೆ ಎಂದರೆ ದಾದಿ ಕುಡಿಯಲು ನೀರು ತಂದುಕೊಟ್ಟಳು. ಮಗ ಸುಖವಾಗಿ ಹುಟ್ಟಿದ, ಬೆಳೆದ, ಈಗ ಅಡಿಗೆ ಮನೆಯ ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಆದರೆ ಆ ಲೋಟ ನೀರು ಮಾತ್ರ ಅತ್ತೆಗೆ ಇನ್ನೂ ಮರೆತಿರಲಿಲ್ಲ.

ಮುಂದೆ ಅವರು ಅಂಗಡಿ ಇಟ್ಟರು. ಅಂಗಿ ಕೊಡಲು ಬಂದವರ ಜೊತೆ ಮಾತಾಡಿ ಮಾತಾಡಿ ಭಾಷೆ ಕಲಿತರು. ಹೊರಗಿನಿಂದ ದುಡಿಯಲು ಬಂದವರೆಲ್ಲ ಅದೇ ಅಂಗಡಿಯಲ್ಲಿ ಕಷ್ಟಸುಖ ಹೇಳಿಕೊಳ್ಳತೊಡಗಿ, ಕೊನೆಗೆ ವಲಸಿಗರ ಹಕ್ಕಿನ ಸಂಘವೇ ಅಲ್ಲಿ ಹುಟ್ಟಿತು. ಸಂಘಕ್ಕೆ ಬೇರೆ ಕಚೇರಿ ಇಲ್ಲ. ಇಸ್ತ್ರಿ ಮೇಜಿನ ಸುತ್ತ ಮುಂದಾಳುಗಳು ಕುಳಿತರೆ ಅದೇ ಸಮಿತಿ, ಅದೇ ಸಭೆ. ಅತ್ತೆ ಅಧ್ಯಕ್ಷತೆಯನ್ನೂ ವಹಿಸುವರು, ಕಾಲರನ್ನೂ ಒತ್ತುವರು. ಯಾರಾದರೂ ಮಾತನ್ನು ಎಳೆದಾಡಿದರೆ ಇಸ್ತ್ರಿಪೆಟ್ಟಿಗೆಯಿಂದ ಒಮ್ಮೆ ಬುಸ್ಸೆಂದು ಹಬೆ ಬಿಡುವರು. ಅಷ್ಟಕ್ಕೇ ಮಾತು ತಾನಾಗಿ ದಾರಿಗೆ ಬರುತ್ತಿತ್ತು.

ಆ ಸಮಿತಿಗೆ ಅತ್ತೆ ಹಾಕಿದ ನಿಯಮ ಎರಡೇ. ಒಂದು, ಊರಿಗೆ ಕೊನೆಯಲ್ಲಿ ಬಂದವರು ಮೊದಲು ಮಾತಾಡಬೇಕು. "ನಾವು ಮರೆತಿರೋದು ಅವರಿಗೆ ಇನ್ನೂ ನೋಯ್ತಿರತ್ತೆ," ಎನ್ನುವರು. ಎರಡು, ಒಬ್ಬರ ಮಾತನ್ನು ಇನ್ನೊಬ್ಬರು ಬೇರೆ ಭಾಷೆಗೆ ದಾಟಿಸುವಾಗ ತಮ್ಮದೊಂದು ಚೂರೂ ಸೇರಿಸಬಾರದು. ಈ ಎರಡನೆಯದನ್ನು ಪಾಲಿಸುವುದು ಸ್ವತಃ ಅತ್ತೆಗೇ ಎಲ್ಲರಿಗಿಂತ ಕಷ್ಟವಾಗಿತ್ತು.

ಈಗ ನಗರಸಭೆ ತನ್ನ ಆಸ್ಪತ್ರೆಯಲ್ಲಿದ್ದ ದುಭಾಷಿಗಳನ್ನು ತೆಗೆದುಹಾಕಲು ಹೊರಟಿತ್ತು. ಭಾಷೆ ಬಾರದವರು ತಮ್ಮ ಕಡೆಯವರನ್ನೇ ಕರೆತರಲಿ ಎಂಬುದು ಅವರ ವಾದ. ಅತ್ತೆಯ ಭಾಷೆಯನ್ನಷ್ಟೇ ಬಲ್ಲ ಬೇಕರಿ ಹುಡುಗಿ ಸಂಘದಲ್ಲಿ ಎಲ್ಲರಿಗಿಂತ ಹೊಸಬಳು. ಅವಳ ಗಂಡ ದೂರದ ಕಟ್ಟಡದ ಕೆಲಸದಲ್ಲಿದ್ದ. ಅವನಿಗೂ ಊರಿನ ಭಾಷೆ ಅಷ್ಟಕ್ಕಷ್ಟೇ. ಇಂದಿನ ತೀರ್ಮಾನ ತಪ್ಪಿದರೆ ಆ ಹುಡುಗಿ, ಹಿಂದೆ ಅತ್ತೆ ಮಲಗಿದ್ದ ಅದೇ ಆಸ್ಪತ್ರೆಯಲ್ಲಿ, ಅದೇ ಗತಿಯಲ್ಲಿ ಮಲಗಬೇಕಿತ್ತು.

ಒಂದು ಸಂಘದಿಂದ ಒಬ್ಬರಿಗೆ ಮಾತ್ರ ಮಾತಾಡಲು ಅವಕಾಶವಿತ್ತು. ವಕೀಲಮ್ಮನೇ ಮಾತಾಡುವುದೆಂದು ತೀರ್ಮಾನವಾಗಿತ್ತು. ಆಕೆ ಹೇಳಬೇಕಾದುದನ್ನು ಹಗಲಿರುಳು ಬಾಯಿಪಾಠ ಮಾಡಿ, ಬಸ್ಸಿನಲ್ಲಿ ಡ್ರೈವರಣ್ಣನ ಹಿಂದೆ ನಿಂತು ಒಪ್ಪಿಸಿಯೂ ನೋಡಿದ್ದಳು.

"ನಿಮ್ಮ ಭಾಷಣ ಕೇಳ್ತಾ ನಾನೊಂದು ನಿಲ್ದಾಣಾನೇ ಬಿಟ್ಟುಹೋದೆ," ಎಂದ ಡ್ರೈವರಣ್ಣ, ನಗರಸಭೆಯ ಮೆಟ್ಟಿಲು ಹತ್ತುತ್ತಾ. "ಇಳಿಯೋರು ಬೈದಿದ್ದು ನನ್ನನ್ನ."

"ಅಷ್ಟು ಚೆನ್ನಾಗಿತ್ತಾ, ಅಣ್ಣ?"

"ಅಷ್ಟು ಉದ್ದ ಇತ್ತು, ತಾಯಿ."

ಸಭಾಂಗಣ ಕಿಕ್ಕಿರಿದಿತ್ತು. ಎತ್ತರದ ಕಿಟಕಿಗಳು, ಉದ್ದನೆಯ ಮೇಜು, ಅದರ ಹಿಂದೆ ಸದಸ್ಯರ ಸಾಲು. ನಡುವೆ ಅಧ್ಯಕ್ಷರು; ಕನ್ನಡಕ ಮೂಗಿನ ತುದಿಗೆ ಇಳಿದಿತ್ತು. ಬೇಕರಿ ಹುಡುಗಿ ಕುರ್ಚಿಯಲ್ಲಿ ಕೂರಲಾರದೆ ಕೂತು ಅತ್ತೆಯ ಕೈ ಹಿಡಿದುಕೊಂಡಳು. ಸುತ್ತಲಿನ ಬೆಂಚುಗಳಲ್ಲಿ ಸಂಘದವರೇ ತುಂಬಿದ್ದರು. ಅವರನ್ನು ನೋಡಿ ಅತ್ತೆಗೆ ಹಿಗ್ಗೋ ಹಿಗ್ಗು. ನಿಂತಲ್ಲಿ ನಿಲ್ಲಲಾಗದು, ಕೂತಲ್ಲಿ ಕೂರಲಾಗದು.

"ವಲಸಿಗರ ಸಂಘ," ಎಂದು ಕಾರ್ಯದರ್ಶಿ ಕೂಗಿದ. "ಯಾರು ಮಾತಾಡ್ತೀರಿ?"

ಆ ಪ್ರಶ್ನೆಯನ್ನು ಅತ್ತೆ ತಮ್ಮ ಅಂಗಡಿಯಲ್ಲಿ ಪ್ರತಿ ವಾರ ಕೇಳುವರು, ಪ್ರತಿ ವಾರ ತಾವೇ ಉತ್ತರಿಸುವರು. ಎದ್ದು ನಿಂತವರೇ ಎಂದಿನ ಗತ್ತಿನಲ್ಲಿ ಹೇಳಿಬಿಟ್ಟರು: "ಹೊಸಬರು ಮೊದಲು! ಈ ಹುಡುಗಿ."

ಕಾರ್ಯದರ್ಶಿ ಬರೆದುಕೊಂಡ. ಅಷ್ಟರಲ್ಲಿ ವಕೀಲಮ್ಮ ಅತ್ತೆಯ ಸೆರಗು ಜಗ್ಗಿದಳು.

"ಅತ್ತೆ, ಏನು ಮಾಡಿದ್ರಿ! ಇಲ್ಲಿ ಮೊದಲು ಕೊನೆ ಅಂತಿಲ್ಲ. ಒಬ್ಬರೇ!"

ಅತ್ತೆ ನಾಲಿಗೆ ಕಚ್ಚಿಕೊಂಡರು. "ಸ್ವಾಮಿ, ತಪ್ಪಾಯ್ತು, ನಮ್ಮ ವಕೀಲಮ್ಮ..."

"ಒಮ್ಮೆ ಹೇಳಿದ ಮೇಲೆ ಬದಲಾಯಿಸೋ ಹಾಗಿಲ್ಲ," ಎಂದ ಕಾರ್ಯದರ್ಶಿ.

ಅತ್ತೆ ಹುಡುಗಿಯ ಕಿವಿಯಲ್ಲಿ ನಡೆದದ್ದನ್ನು ಹೇಳಿದರು. ಹುಡುಗಿ ಅವರ ಮುಖ ನೋಡಿದಳು, ವಕೀಲಮ್ಮನ ಮುಖ ನೋಡಿದಳು. ಆಮೇಲೆ ಕುರ್ಚಿಯ ಕೈ ಹಿಡಿದು ಮೆಲ್ಲಗೆ ಎದ್ದು, ಮೈಕಿನ ಮುಂದೆ ಹೋಗಿ ನಿಂತು, ತನಗೆ ಬರುವ ಒಂದೇ ಭಾಷೆಯಲ್ಲಿ ಶುರುಮಾಡಿದಳು.

ಸಭೆ ಪಿಳಿಪಿಳಿ ಕಣ್ಣುಬಿಟ್ಟಿತು. ಒಬ್ಬ ಸದಸ್ಯರು ಕಿವಿಗೆ ಕೈ ಒಡ್ಡಿದರು, ಇನ್ನೊಬ್ಬರು ಪಕ್ಕದವರ ಕಡೆ ಬಾಗಿದರು, ಪಕ್ಕದವರು ತಿಳಿಯದೆಂದು ತಲೆಯಾಡಿಸಿದರು.

"ನಿಲ್ಲಮ್ಮ, ನಿಲ್ಲು," ಎಂದರು ಅಧ್ಯಕ್ಷರು. "ಏನು ಹೇಳ್ತಿದ್ದಾಳೆ ಈಕೆ? ಯಾರಿಗಾದರೂ ತಿಳೀತಾ?"

"ನನಗೆ ತಿಳೀತು," ಎಂದು ಅತ್ತೆ ಎದ್ದರು.

"ಒಂದು ಸಂಘಕ್ಕೆ ಒಬ್ಬರೇ," ಎಂದ ಕಾರ್ಯದರ್ಶಿ ಮತ್ತೆ.

ಅಧ್ಯಕ್ಷರಿಗೆ ರೇಗಿತು. "ಏನ್ರೀ ನೀವು! ಅರ್ಥವಾಗದೆ ನಾವು ತೀರ್ಮಾನ ಮಾಡೋದು ಹೇಗೆ? ಇವರು ಬರಿ ದುಭಾಷಿ. ದುಭಾಷಿ ಇಲ್ಲದೆ ಸಭೆ ನಡೆಯೋಕಾಗತ್ತಾ? ಬನ್ನಿ, ಅಮ್ಮ, ಮುಂದೆ ಬನ್ನಿ."

ವಕೀಲಮ್ಮ ಡ್ರೈವರಣ್ಣನ ತೋಳು ಚಿವುಟಿದಳು. ಅವನು ನೋವನ್ನು ನುಂಗಿಕೊಂಡು ಹಲ್ಲು ಬಿಟ್ಟ.

ಹುಡುಗಿ ಹೇಳಿದಳು, ಅತ್ತೆ ದಾಟಿಸಿದರು.

"ಹೋದ ಸಲ ಆಸ್ಪತ್ರೆಗೆ ಹೋದಾಗ ದುಭಾಷಿ ರಜೇಲಿದ್ರು. ಡಾಕ್ಟರು ನನ್ನ ಹೊಟ್ಟೆ ನೋಡಿ ಏನೋ ಹೇಳಿ, ಎರಡು ಬೆರಳು ತೋರಿಸಿ ನಕ್ಕರು. ನಾನೂ ನಕ್ಕೆ. ಅವಳಿಜವಳಿ ಅಂದುಕೊಂಡೆ. ಗಂಡನಿಗೆ ಹೇಳಿದೆ. ಅವನು ಇನ್ನೊಂದು ತೊಟ್ಟಿಲು ಕಟ್ಟೋಕೆ ಕೂತ."

ಬೆಂಚುಗಳಲ್ಲಿ ನಗು ಎದ್ದಿತು.

"ಆಮೇಲೆ ಅತ್ತೇನ ಕರ್ಕೊಂಡು ಹೋಗಿ ಕೇಳಿದ್ವಿ. ಎರಡು ವಾರ ಬಿಟ್ಟು ಬಾ ಅಂದಿದ್ದಂತೆ."

ಈಗ ಇಡೀ ಸಭೆ ನಕ್ಕಿತು. ಅಧ್ಯಕ್ಷರ ಕನ್ನಡಕ ಮೂಗಿನಿಂದ ಜಾರಿ ಮೇಜಿಗೆ ಬಿತ್ತು. ಹುಡುಗಿ ನಗು ನಿಲ್ಲುವವರೆಗೆ ಕಾದಳು.

"ನಾವೂ ನಕ್ವಿ. ತೊಟ್ಟಿಲಲ್ಲಿ ಈಗ ಈರುಳ್ಳಿ ಇಟ್ಟಿದ್ದೀವಿ. ಆದ್ರೆ ಹೆರಿಗೆ ಹೊತ್ತಲ್ಲಿ ಅವರು ತಿಣುಕು ಅಂದ್ರೋ, ತಡಿ ಅಂದ್ರೋ ನನಗೆ ಹೇಗೆ ಗೊತ್ತಾಗಬೇಕು? ಆವಾಗ ತಪ್ಪು ತಿಳಿದರೆ ನಗೋಕೆ ಯಾರಿರ್ತಾರೆ?"

ಅತ್ತೆಯ ನಾಲಿಗೆಯ ತುದಿಗೆ ಆ ಹಳೆಯ ಲೋಟ ನೀರಿನ ಕಥೆ ಬಂದು ನಿಂತಿತು. ಹೇಳಿದ್ದರೆ ಸಭೆ ಕರಗುತ್ತಿತ್ತು. ಆದರೆ ತಾವೇ ಹಾಕಿದ ನಿಯಮ. ಮಾತು ಹುಡುಗಿಯದು, ಬಾಯಿ ಮಾತ್ರ ತಮ್ಮದು. ಸೆರಗಿನಿಂದ ಮೂಗು ಒರೆಸಿಕೊಂಡು, "ಇಷ್ಟೇ ಅಂತೆ, ಸ್ವಾಮಿ," ಎಂದು ಹಿಂದೆ ಸರಿದರು.

ಮೇಜಿನ ಕೊನೆಯಲ್ಲಿದ್ದ ಹಿರಿಯ ಸದಸ್ಯೆಯೊಬ್ಬರು ಕೆಮ್ಮಿದರು.

"ಅಧ್ಯಕ್ಷರೇ, ದುಭಾಷಿ ಇಲ್ಲದೆ ಸಭೆ ನಡೆಯಲ್ಲ ಅಂತ ಈಗ ತಾವೇ ಹೇಳಿದ್ರಿ. ಕುರ್ಚೀಲಿ ಕೂತ ನಮಗೇ ಬೇಕಾದ್ರೆ, ಮಲಗಿ ನೋವು ತಿನ್ನೋರಿಗೆ ಬೇಡವೇ?"

ಅಧ್ಯಕ್ಷರು ಕನ್ನಡಕವನ್ನು ಮತ್ತೆ ಮೂಗಿಗೇರಿಸಿಕೊಂಡರು. ದುಭಾಷಿಗಳು ಉಳಿಯಲಿ ಎನ್ನುವವರು ಕೈ ಎತ್ತಿ ಎಂದು ಅವರು ಹೇಳಿದಾಗ ಒಂದು ಕೈ ಎದ್ದಿತು, ಇನ್ನೊಂದು ಎದ್ದಿತು, ಸಾಲಿಗೆ ಸಾಲೇ ಎದ್ದಿತು. ಕೊನೆಗೆ ಅಧ್ಯಕ್ಷರೂ ನಗುತ್ತಾ ತಮ್ಮ ಕೈ ಎತ್ತಿದರು.

ಆಮೇಲಿನ ಗದ್ದಲವನ್ನು ಏನೆಂದು ಹೇಳುವುದು! ಡ್ರೈವರಣ್ಣ ಬಸ್ಸಿನ ಹಾರನ್ನಿನಂತೆ ಕೂಗಿದ. ವಕೀಲಮ್ಮ ಅತ್ತೆಯನ್ನು ತಬ್ಬಿಕೊಂಡಳು. ಒತ್ತಿದ ಬಟ್ಟೆಗಳೆಲ್ಲ ಮುದ್ದೆಯಾದವು.

"ನನ್ನ ಭಾಷಣ ಹೊಟ್ಟೇಲೇ ಉಳೀತಲ್ಲ, ಅತ್ತೆ!"

"ಹೊಟ್ಟೇಲಿದ್ರೆ ಕೆಡಲ್ಲ, ಬಿಡಮ್ಮ. ಮುಂದಿನ ಸಲಕ್ಕಾಗತ್ತೆ."

ಹುಡುಗಿಗೆ ನೋವು ಬಂದ ದಿನ ಅತ್ತೆ ಹೆರಿಗೆ ಕೋಣೆಯ ಹೊರಗೆ ನಿಂತಿದ್ದರು. ಒಳಗೆ ವೈದ್ಯರ ದನಿ, ಅದರ ಬೆನ್ನಿಗೇ ದುಭಾಷಿಯ ದನಿ, ಅತ್ತೆಯ ತಾಯಿಭಾಷೆಯಲ್ಲಿ: "ತಡಿಯಮ್ಮ, ಈಗ ಬೇಡ. ಹಾಂ, ಈಗ, ಈಗ ತಿಣುಕು!" ಅತ್ತೆ ಗೋಡೆಗೆ ಒರಗಿ, ಒಳಗಿನ ಪ್ರತಿ ಮಾತಿಗೂ ತಾವೇ ತಲೆಯಾಡಿಸಿದರು. ಮಗು ಅತ್ತಾಗ ಆಸ್ಪತ್ರೆಗೆಲ್ಲ ಕೇಳುವಂತೆ ಅವರೂ ಅತ್ತರು.

ಮುಂದಿನ ಸಮಿತಿ ಸಭೆಗೆ ಹುಡುಗಿ ಮಗುವನ್ನು ಎತ್ತಿಕೊಂಡೇ ಬಂದಳು. ಮಡಿಸಿಟ್ಟ ಬಟ್ಟೆಗಳ ಬೆಚ್ಚನೆಯ ಗಂಟಿನ ಮೇಲೆ ಮಗು ಮಲಗಿ ನಿದ್ದೆಹೋಯಿತು. ವಕೀಲಮ್ಮ ಗಂಟಲು ಸರಿಮಾಡಿಕೊಂಡು ಮಾತಿಗೆ ಬಾಯಿ ತೆರೆದಳು.

ಅತ್ತೆ ತುಟಿಗೆ ಬೆರಳಿಟ್ಟರು. "ತಡಿಯಮ್ಮ. ಹೊಸಬರು ಇನ್ನೂ ಬಾಯಿ ಬಿಟ್ಟಿಲ್ಲ."

"ಎಷ್ಟು ಹೊತ್ತು ಕಾಯೋದು, ಅತ್ತೆ?" ಎಂದ ಡ್ರೈವರಣ್ಣ.

"ಏಳೋವರೆಗೆ," ಎಂದು ಅತ್ತೆ, ಹಬೆಯ ಸದ್ದಾಗದಂತೆ, ಯಜಮಾನರ ಅಂಗಿಯನ್ನು ಮೇಜಿನ ಮೇಲೆ ಹರವಿಕೊಂಡರು.