ಚೀಲ ಬೀಳುವ ಸದ್ದು

ಶಾಲೆಯಿಂದ ಬಂದ ಮಗು ಚೀಲವನ್ನು ಇಡುತ್ತದೆಯೋ ಎಸೆಯುತ್ತದೆಯೋ ಎಂಬುದು ಲೋಕದ ದೃಷ್ಟಿಯಲ್ಲಿ ತೀರ ಕ್ಷುಲ್ಲಕ ವಿಚಾರ; ಆದರೆ ಆ ಸದ್ದನ್ನು ಪಕ್ಕದ ಕೋಣೆಯಲ್ಲಿ ಕೂತು ಕೇಳಿಯೇ ಮುಂದಿನ ಒಂದು ಗಂಟೆಯ ಮನೆಯ ಹವಾಮಾನವನ್ನು ಕರಾರುವಾಕ್ಕಾಗಿ ಹೇಳಬಲ್ಲೆನೆಂಬ ಜಂಬ ನನಗಿದೆ. ಈ ವಿದ್ಯೆ ನನಗೆ ಯಾವ ಗುರುವಿನಿಂದಲೂ ಬಂದದ್ದಲ್ಲ. ಎಪ್ಪತ್ತರ ದಶಕದ ಹೊಳಲ್ಕೆರೆಯಲ್ಲಿ ಚೀಲ ಎಸೆಯುವವರ ಪೈಕಿ ಅಗ್ರಗಣ್ಯಳು ನಾನೇ ಆಗಿದ್ದೆ.

ಶಾಲೆಯಲ್ಲಿ ಮಾತ್ರ ನನ್ನಂಥ ಸಾಧ್ವಿ ಇನ್ನೊಬ್ಬಳಿರಲಿಲ್ಲ. ಬಾಯಿಗೆ ಬೆರಳು ಎಂದರೆ ಗಂಟೆ ಬಾರಿಸುವವರೆಗೂ ಬೆರಳು ಕದಲುತ್ತಿರಲಿಲ್ಲ. ಕಾಲು ಓಡು ಎನ್ನುತ್ತಿತ್ತು, ಕೈ ಏನನ್ನಾದರೂ ಕೀಳು ಎನ್ನುತ್ತಿತ್ತು, ಚಿತ್ತವಂತೂ ಕಿಟಕಿಯಾಚೆಯ ಹುಣಸೇಮರದಲ್ಲಿ ಕೊಂಬೆಯಿಂದ ಕೊಂಬೆಗೆ ಹಾರುತ್ತಿತ್ತು. ಇವೆಲ್ಲವನ್ನೂ ಅದುಮಿ ಹಿಡಿಯುವುದೇ ನನ್ನ ನಿಜವಾದ ವಿದ್ಯಾಭ್ಯಾಸ. ಮನೆಯ ಹೊಸಿಲು ದಾಟಿದೊಡನೆ ಹಿಡಿತ ತಪ್ಪುತ್ತಿತ್ತು. ಚೀಲ ಹಾರುತ್ತಿತ್ತು, ಸ್ಲೇಟು ಒಡೆಯುತ್ತಿತ್ತು, ಮಜ್ಜಿಗೆ ಲೋಟ ಉರುಳುತ್ತಿತ್ತು, ತಲೆ ಬಾಚಲು ಬಂದ ಅಮ್ಮನ ಕೈಮೇಲೆ ನನ್ನ ಹಲ್ಲಿನ ಗುರುತು ಬೀಳುತ್ತಿತ್ತು. ಇದಕ್ಕೆ ಈಗಿನ ವೈದ್ಯರು ಎಡಿಎಚ್‌ಡಿ ಎನ್ನುತ್ತಾರಂತೆ. ಆಗ ನಮ್ಮಲ್ಲಿ ಇದ್ದದ್ದು ಗಾದೆಯೊಂದೇ: ಊರಿಗೆ ಉಪಕಾರಿ, ಮನೆಗೆ ಮಾರಿ.

ಗಾದೆ ನನ್ನ ಕುರಿತದ್ದಾದರೂ ಅದರ ಏಟು ಬಿದ್ದದ್ದು ಅಮ್ಮನಿಗೆ. ಹಿರಿಯೂರಿನಿಂದ ಬಂದಿದ್ದ ಸೋದರತ್ತೆ ಪಡಸಾಲೆಯಲ್ಲೇ ತೀರ್ಪು ಕೊಟ್ಟರು: "ಇಸ್ಕೂಲ್ನಾಗೆ ಅಷ್ಟು ನೆಟ್ಟಗೆ ಇರ್ತಾಳೆ ಅಂದ್ಮೇಲೆ ಹುಡುಗೀದೇನು ತಪ್ಪೈತೆ? ಹೆತ್ತೋಳಿಗೆ ಹಿಡ್ತ ಇಲ್ಲ. ಪರೀಕ್ಷೆ ಮುಗೀಲಿ, ನಾನೇ ಕರ್ಕಂಡೋಗಿ ಸಾಕ್ತೀನಿ." ಅಪ್ಪ ಆಗಲೆಂದು ತಲೆಯಾಡಿಸಿದರು. ನನ್ನನ್ನು ಕಳಿಸಲು ಅಮ್ಮನಿಗೆ ಸುತರಾಂ ಇಷ್ಟವಿರಲಿಲ್ಲ. ಆದರೆ ನನ್ನ ಪ್ರತಾಪಕ್ಕೆ ಹೊರಗಿನ ಸಾಕ್ಷಿಯೇ ಇಲ್ಲದಾಗ ಅವಳ ಮಾತನ್ನು ನಂಬುವವರು ಯಾರು?

ಶಾಲೆಯಲ್ಲಿ ಮಗಳು ಸರಿಯಿದ್ದರೆ ಮನೆಯನ್ನೇ ಶಾಲೆ ಮಾಡಿದರಾಯಿತೆಂದು ಅಮ್ಮ ಹೊರಟಳು. ಪೂಜೆಯ ಜಾಗಟೆ ನಡುಮನೆಯ ತೊಲೆಗೆ ನೇತುಬಿತ್ತು. ಅದು ಮೊಳಗಿದರೆ ಊಟ, ಮೊಳಗಿದರೆ ನಿದ್ದೆ. ನೀರು ಬೇಕೆಂದರೂ ಕೈಯೆತ್ತಿ ಅಪ್ಪಣೆ ಪಡೆಯಬೇಕು. ಮುದ್ದೆ ತೊಳಸುವ ಕೋಲನ್ನೇ ಬೆತ್ತ ಮಾಡಿಕೊಂಡು ಅಮ್ಮ ಹಾಜರಿ ಕೂಗುತ್ತಿದ್ದಳು. ಇಡೀ ತರಗತಿಗೆ ನಾನೊಬ್ಬಳೇ ಆದ್ದರಿಂದ ಗೈರುಹಾಜರಾಗುವ ಸೌಕರ್ಯವೂ ಇರಲಿಲ್ಲ. ಆಶ್ಚರ್ಯವೆಂದರೆ ಮನೆ ತಣ್ಣಗಾಯಿತು. ಅಪ್ಪನೂ ಮೆಚ್ಚಿದರು.

ಕೆಲವೇ ದಿನಗಳಲ್ಲಿ, ಒಂದು ಸಂಜೆ, ನಮ್ಮ ಮೇಷ್ಟ್ರು ನನ್ನ ರಟ್ಟೆ ಹಿಡಿದುಕೊಂಡು ಮನೆ ಬಾಗಿಲಿಗೆ ಬಂದರು. ಅವರ ಬಿಳಿ ಅಂಗಿಯ ತುಂಬ ಮಸಿ. "ಏನಮ್ಮ ಇದು, ಹಾಕಿದ ಗೆರೆ ದಾಟದ ಹುಡುಗಿ ಇವತ್ತು ಮಸಿಕುಡಿಕೆ ಎತ್ತಿ ಎಸದ್ಲು. ಮನ್ಯಾಗೆ ಏನಾದ್ರೂ ಆಗೈತಾ?"

ಅಮ್ಮ ನಾಚಿಕೆಯಿಂದ ನೆಲ ನೋಡುತ್ತಾಳೆಂದುಕೊಂಡರೆ, ಅವಳ ಮುಖ ಅರಳಿತು. "ನಿಮ್ ಮುಂದೇನೂ ಹಂಗೇ ಆಡಿದ್ಲಾ? ಒಳಗ್ ಬರ್ರಿ, ಕುಂತ್ಕಳ್ರಿ, ನಮ್ಮನೆಯೋರಿಗೂ ಒಂಚೂರು ಹೇಳ್ರಿ ಮೇಷ್ಟ್ರೇ!" ಎಂದು ಅಪ್ಪನನ್ನು ಕೂಗಿ ಕರೆದು, ಬೆಲ್ಲದ ಕಾಫಿ ಮಾಡಿ ತಂದು, ಲೋಟ ಕೊಡುತ್ತಲೇ ಅತ್ತುಬಿಟ್ಟಳು. ಮಗಳ ಮೇಲಿನ ದೂರನ್ನು ಬಹುಮಾನದಂತೆ ಸ್ವೀಕರಿಸಿದ ತಾಯಿಯನ್ನು ಮೇಷ್ಟ್ರು ಅದಕ್ಕೆ ಮುಂಚೆ ಕಂಡಿರಲಾರರು.

ಅವರು ಹೋದ ಮೇಲೆ ಅಮ್ಮ ಜಾಗಟೆ ಬಿಚ್ಚಿ ದೇವರ ಗೂಡಿಗೆ ಸೇರಿಸಿದಳು. "ದಿನಾ ಪೂರ್ತಿ ಬಿಗಿಹಿಡ್ಕಂಡಿರ್ತಾಳೆ, ಎಲ್ಲಾದ್ರೂ ಬಿಡಬೇಕಲ್ಲ. ಇಲ್ಲೇ ಬಿಡ್ಲಿ. ಹಿರಿಯೂರಿಗೆ ಕಳಿಸಿದ್ರೆ ಅಲ್ಲೂ ಬಿಗಿಹಿಡ್ಕಂಡೇ ಇರ್ತಾಳೆ" ಎಂದು ಅಪ್ಪನಿಗೆ ಹೇಳಿದಳು. ಅಪ್ಪ ಅತ್ತೆಗೆ ಏನೆಂದು ಸಮಾಧಾನ ಹೇಳಿದರೋ ತಿಳಿಯದು. ಪರೀಕ್ಷೆ ಮುಗಿಯಿತು, ನಾನು ಹೊಳಲ್ಕೆರೆಯಲ್ಲೇ ಉಳಿದೆ. ನನ್ನ ಆರ್ಭಟವೂ ಉಳಿಯಿತು. ಆದರೆ ಹೊಸಿಲಿನ ಒಳಗಡೆ, ಚೀಲ ಬೀಳುವ ಜಾಗಕ್ಕೆ ಸರಿಯಾಗಿ, ಅಮ್ಮ ಗೋಣಿತಾಟೊಂದನ್ನು ಮಡಿಸಿ ಹಾಸಿದ್ದಳು. ಆಮೇಲೆ ಸ್ಲೇಟು ಒಡೆಯಲಿಲ್ಲ.

ಈಗ ಮೊಮ್ಮಗಳದೂ ಅದೇ ವರಸೆ. ಶಾಲೆಯವರ ಹೊಗಳಿಕೆ ಕೇಳಿಸಿಕೊಂಡು ಬಂದ ಸೊಸೆ ಮೊನ್ನೆ, "ನನ್ನ ಮುಂದೆ ಮಾತ್ರ ಯಾಕತ್ತೆ ಹಿಂಗಾಡ್ತಾಳೆ?" ಎಂದು ಕಣ್ಣೊರೆಸಿಕೊಂಡಾಗ ನಾನು ಈ ಕಥೆಯನ್ನೆಲ್ಲ ಹೇಳಿದೆ.

ನಿನ್ನೆ ಸಂಜೆ ಎಂದಿನಂತೆ ಕಿವಿಗೊಟ್ಟು ಕೂತಿದ್ದೆ. ಮೊಮ್ಮಗಳು ಬಂದ ಸುಳಿವಾಯಿತು, ಚೀಲದ ಸದ್ದು ಮಾತ್ರ ಕೇಳಿಸಲಿಲ್ಲ. ಎದ್ದು ಹೋಗಿ ನೋಡಿದರೆ ಬಾಗಿಲ ಬಳಿ ಹಳೆಯ ಕಂಬಳಿ ಮಡಿಸಿ ಹಾಸಿತ್ತು. ಅದರ ಮೇಲೆ ಚೀಲ ಬಿದ್ದಿತ್ತು. ಪಕ್ಕದಲ್ಲಿ ಮೊಮ್ಮಗಳು ಕೈಕಾಲು ಬಡಿಯುತ್ತಿದ್ದಳು, ಸೊಸೆ ಸುಮ್ಮನೆ ಅವಳ ಬಳಿ ಕೂತಿದ್ದಳು. ನನ್ನ ಹವಾಮಾನ ವಿದ್ಯೆ ಅಂದಿಗೆ ಕೆಲಸವಿಲ್ಲದೆ ಒಳಗೆ ಹೋಯಿತು.