ಲೆಸ್ ಟ್ರೆಂಬಾತನ ದೊಡ್ಡ ತಟ್ಟೆ

ನಮ್ಮ ಡೋಹರ್ಟಿ ಕ್ರೀಕಿನಲ್ಲಿ ನೆಲ ಅಗೆಯದ ಮನುಷ್ಯನಿಗೆ ಮರ್ಯಾದೆ ಕಡಿಮೆ. ಚಿನ್ನದ ಕಾಲ ಮುಗಿದು, ಚಿನ್ನಕ್ಕಾಗಿ ಬಂದವರೆಲ್ಲ ಚರ್ಚಿನ ಹಿಂದೆ ಮಣ್ಣಾಗಿ ಮಲಗಿದರೂ ಅವರ ಮೊಮ್ಮಕ್ಕಳಿಗೆ ಗುಂಡಿ ತೋಡುವ ಚಟ ಬಿಟ್ಟಿಲ್ಲ. ಅವರು ಚಿನ್ನಕ್ಕೆ ತೋಡಿದರು, ಇವರು ಅವರ ಜೇಬಿನಿಂದ ಉದುರಿದ ಚಿಲ್ಲರೆಗೆ ತೋಡುತ್ತಾರೆ. ಈ ಚಟದಲ್ಲಿ ಲೆಸ್ ಟ್ರೆಂಬಾತ್ ಎಲ್ಲರಿಗಿಂತ ಒಂದು ಕೈ ಮೇಲು. ಕೌನ್ಸಿಲ್ಲಿನ ಗ್ರೇಡರ್ ಓಡಿಸಿ ಸುತ್ತಲ ಮಣ್ಣುರಸ್ತೆಗಳನ್ನೆಲ್ಲ ಮಟ್ಟ ಮಾಡಿದವನು, ನಿವೃತ್ತನಾದ ಮೇಲೆ ಕೈಯಲ್ಲಿ ನೆಲದೊಳಗಿನ ಲೋಹ ಕಂಡರೆ ಕೂಗುವ ಡಿಟೆಕ್ಟರ್ ಹಿಡಿದು ಹೊಲಹೊಲ ಸುತ್ತಿದ. ಹಳೆಯ ಪೆನ್ನಿ, ತ್ರೀಪೆನ್ಸ್, ಶಿಲ್ಲಿಂಗ್, ಯಾವುದೋ ಕಾಲದ ಅಂಗಿಯ ಗುಂಡಿ, ಬಕಲ್ಲು, ಎಲ್ಲ ಅವನಿಗೆ ಬೇಕು. ಊರವರು ನಗುತ್ತಿದ್ದರು, ಅವನೂ ನಗುತ್ತಿದ್ದ.

ಆಗ ಮಗಳು ಟೆಗನ್ ಬದುಕಿದ್ದಳು. ಬೆಂಡಿಗೋದ ಆಸ್ಪತ್ರೆಯಲ್ಲಿ ನರ್ಸು, ಒಬ್ಬಳೇ ಮಗಳು. ರಜೆ ಸಿಕ್ಕ ಭಾನುವಾರ ಬಂದು ಅಪ್ಪನ ಜೊತೆ ಸಲಿಕೆ ಹಿಡಿಯುತ್ತಿದ್ದಳು. ಅವಳ ಕೊರಳಲ್ಲಿ ಚರ್ಮದ ದಾರಕ್ಕೆ ಪೋಣಿಸಿದ ಒಂದು ಬೆಳ್ಳಿ ಶಿಲ್ಲಿಂಗ್ ಇರುತ್ತಿತ್ತು. ವಿಕ್ಟೋರಿಯಾ ರಾಣಿಯ ಎಳೆ ಮುಖದ ನಾಣ್ಯ. ಲೆಸ್‌ನ ಹೆಂಡತಿ ಗ್ವೆಂಡಾಳ ತವರಿನಲ್ಲಿ ಯಾರೋ ಅಜ್ಜಿ ಅದಕ್ಕೆ ತೂತು ಕೊರೆಸಿದ್ದಳಂತೆ. ಅಂದಿನಿಂದ ತಾಯಿಯ ಕೊರಳಿಂದ ಮಗಳ ಕೊರಳಿಗೆ ಇಳಿಯುತ್ತಾ ಬಂದದ್ದು.

ಒಂದು ಏಪ್ರಿಲ್‌ನಲ್ಲಿ ಅಪ್ಪ ಮಗಳು ಕೊಲ್ ಹ್ಯಾಗರ್‌ನ ಹೊಲಕ್ಕೆ ಹೋಗಿದ್ದರು. ಆ ಹೊಲದ ತಗ್ಗಿನಲ್ಲಿ ಹಿಂದೆ ಹಾರ್ಪ್ ಎಂಬ ಹೋಟೆಲಿತ್ತು. ಗಣಿಗಾರರು ಕುಡಿದು ಕುಣಿದ ಜಾಗ. ಅದು ಸುಟ್ಟು ಬೂದಿಯಾಗಿ, ಮರದ ಗೋಡೆಗಳ ಮೊಳೆಗಳಷ್ಟೇ ನೆಲದಲ್ಲಿ ಉಳಿದಿದ್ದವು. ವಾಪಸು ಬರುವಾಗ ಕಾರಿನಲ್ಲಿ ಟೆಗನ್ ಕೊರಳು ಮುಟ್ಟಿಕೊಂಡಳು. ದಾರ ಸವೆದು ಹರಿದಿತ್ತು.

"ಅಪ್ಪಾ, ಗಾಡಿ ತಿರುಗ್ಸು. ಅಮ್ಮನ ಶಿಲ್ಲಿಂಗ್ ಬಿದ್ದೋಗಿದೆ."

"ಹೊಟ್ಟೆ ಹಸೀತಿದೆ ಕಣೇ. ನೆಲ ಏನು ಎದ್ದು ಓಡ್ಹೋಗುತ್ತಾ? ಮುಂದಿನ ಭಾನುವಾರ ಬರೋಣ."

"ನಿಂಗೆ ಊಟದ ಮುಂದೆ ಮಗಳೂ ಇಲ್ಲ, ರಾಣೀನೂ ಇಲ್ಲ" ಎಂದು ಅವಳು ನಕ್ಕಳು. ಅವನೂ ನಕ್ಕ.

ಮುಂದಿನ ಭಾನುವಾರ ಅವಳಿಗೆ ಡ್ಯೂಟಿ ಬಿತ್ತು, ಅದರ ಮುಂದಿನದೂ ಹಾಗೇ ಹೋಯಿತು. ಅಷ್ಟರಲ್ಲಿ ಕೊಲ್ ಹೊಲ ಉತ್ತು ಓಟ್ಸ್ ಬಿತ್ತಿದ. ನಮ್ಮ ಕಡೆ ಜೂನ್‌ಗೇ ಚಳಿಗಾಲ. ಆ ಚಳಿಗಾಲ ಬೆಂಡಿಗೋ ರಸ್ತೆಯಲ್ಲಿ ಮರದ ದಿಮ್ಮಿ ಹೊತ್ತ ಲಾರಿಯೊಂದು ಟೆಗನ್‌ಳ ಕಾರಿನ ಮೇಲೆ ಬಂತು. ಶವಪೆಟ್ಟಿಗೆ ಮುಚ್ಚುವ ಮೊದಲು ಗ್ವೆಂಡಾ ಮಗಳ ಬರಿಯ ಕೊರಳನ್ನು ಸವರಿ ಗಂಡನ ಕಡೆ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಲೆಸ್‌ಗೆ ಎಷ್ಟೋ ಹಗುರವಾಗುತ್ತಿತ್ತು.

ಮನೆಗೆ ಬಂದ ಮೇಲೆ ಅವಳು ಕೇಳಿದ್ದು ಒಂದೇ. "ಅದೊಂದು ತಂದ್ಕೊಡು, ಲೆಸ್. ಅವಳದ್ದು ಅಂತ ಕೈಯಲ್ಲಿ ಹಿಡ್ಕೊಳ್ಳೋಕೆ ಅದೊಂದು ಬೇಕು."

ಓಟ್ಸ್ ಕಟಾವಾಗುವುದನ್ನೇ ಕಾದಿದ್ದು ಲೆಸ್ ಹೊಲಕ್ಕಿಳಿದ. ಹಳೆಯ ಯಂತ್ರದಲ್ಲಿ ಆ ಬೇಸಿಗೆಯ ಮೊದಲರ್ಧವಿಡೀ ಹುಡುಕಿದ. ಮೊಳೆ, ಮೊಳೆ, ಬರೀ ಮೊಳೆ. ದಿನವೂ ಸಂಜೆ ಹಿಂಬಾಗಿಲಲ್ಲಿ ಬೂಟು ಬಿಚ್ಚುವಾಗ ಒಳಗಿನಿಂದ ಗ್ವೆಂಡಾ "ಸಿಕ್ತಾ?" ಎನ್ನುತ್ತಿದ್ದಳು. "ಇಲ್ಲ" ಎನ್ನುತ್ತಿದ್ದ. ಆಮೇಲೆ ಇಬ್ಬರೂ ಟಿವಿ ನೋಡುತ್ತಾ ಕುರಿಮಾಂಸದ ಚಾಪ್ಸ್ ತಿನ್ನುತ್ತಿದ್ದರು. ಅವಳ ತಟ್ಟೆಯಲ್ಲಿ ಅರ್ಧಕ್ಕರ್ಧ ಉಳಿಯುತ್ತಿತ್ತು.

ಕೊಲ್‌ಗೆ ಆ ತಗ್ಗಿನಲ್ಲಿ ಕುರಿಗಳಿಗೆಂದು ಕೆರೆ ತೋಡಿಸಬೇಕಿತ್ತು. ಮಣ್ಣು ತೋಡುವ ಯಂತ್ರದವನಿಗೆ ಹೇಳಿಯೂ ಆಗಿತ್ತು. ಆದರೂ ಅವನು ಒಳ್ಳೆಯ ಮನುಷ್ಯ. "ನೀನು ಆಯ್ತು ಅನ್ನೋವರ್ಗೂ ಒಂದ್ ಹಿಡಿ ಮಣ್ಣು ಅಲ್ಲಾಡಿಸಲ್ಲ ಲೆಸ್. ಕುರಿಗಳು ಇನ್ನೊಂದ್ ವರ್ಷ ತೊಟ್ಟೀಲೇ ಕುಡೀತವೆ" ಎಂದ. ನಮ್ಮಲ್ಲಿ ಹೊಲದ ಯಜಮಾನ ಹೀಗೆ ಮಾತು ಕೊಟ್ಟರೆ ಹುಡುಕುವವನ ಮಾತೇ ಕೊನೆಯ ಮಾತು. ಅವನು ನೆಲ ಚೊಕ್ಕ, ಕೆಳಗೆ ಏನೂ ಉಳಿದಿಲ್ಲ ಎಂದರೆ ಚೊಕ್ಕ. ಲೆಸ್‌ಗೆ ಆ ಮಾತಿನ ಬಗ್ಗೆ ಬಹಳ ಹೆಮ್ಮೆ. ಅವನು ಚೊಕ್ಕ ಎಂದ ನೆಲದಲ್ಲಿ ಇನ್ನೊಬ್ಬನಿಗೆ ಒಂದು ಪೆನ್ನಿ ಸಿಕ್ಕಿದ್ದು ಯಾರಿಗೂ ನೆನಪಿಲ್ಲ.

ಅವನ ಲೆಕ್ಕಾಚಾರ ಹೀಗಿತ್ತು. ನೇಗಿಲು ಶಿಲ್ಲಿಂಗನ್ನು ಕೆಳಕ್ಕೆ ತಳ್ಳಿದೆ. ಕೆಳಗೆ ಇರುವುದು ಕೇಳಬೇಕಾದರೆ ಕಿವಿ ದೊಡ್ಡದಾಗಬೇಕು. ಡಿಟೆಕ್ಟರ್ ಕೋಲಿನ ತುದಿಗೆ ಇರುವ ಚಪ್ಪಟೆ ತಂತಿಸುರುಳಿಯನ್ನು ನಾವು ತಟ್ಟೆ ಎನ್ನುತ್ತೇವೆ. ತಟ್ಟೆ ಅಗಲವಾದಷ್ಟೂ ಆಳ ಕೇಳುತ್ತದೆ, ಒಂದೇ ಬೀಸಿಗೆ ಹೆಚ್ಚು ನೆಲ ಮುಗಿಯುತ್ತದೆ. ಲೆಸ್ ಸಿಗುವ ಪೈಕಿ ದೊಡ್ಡದನ್ನೇ ತರಿಸಿದ. ಅದರ ಭಾರಕ್ಕೆ ಹೆಗಲಿಗೆ ಪಟ್ಟಿ ಕಟ್ಟಿ, ಪಟ್ಟಿಗೆ ರಬ್ಬರ್ ಹಗ್ಗ ಬಿಗಿದು, ಕೋಲನ್ನು ಅದರಿಂದ ನೇತುಹಾಕಿಕೊಳ್ಳಬೇಕಾಯಿತು.

ಬೇಕರಿ ನಡೆಸುತ್ತಿದ್ದ ಡಾಟ್ ರಾಫ್ಟರಿ, ನಮ್ಮೂರ ನಾಣ್ಯದ ಹುಚ್ಚರಲ್ಲಿ ಏಕೈಕ ಹೆಂಗಸು, ಅವನನ್ನು ಬೇಲಿಯಾಚೆಯಿಂದ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಏನೋ ಇದು ಲೆಸ್, ಹಗ್ಗ ಕಟ್ಕೊಂಡು ಕಸದ ಡಬ್ಬಿ ಮುಚ್ಚಳ ಎಳ್ಕೊಂಡ್ ಹೊರಟಿದೀಯ?"

"ನಗು ನಗು. ಕೆಳಗಡೆ ಇರೋದು ಇದಕ್ಕೆ ಮಾತ್ರ ಕೇಳೋದು."

"ಹೋಟ್ಲಿನ ಜಾಗಕ್ಕೆ ಇದು ಬೇಡ ಕಣೋ. ಅಲ್ಲಿ ಮೊಳೆ ರಾಶಿ ಇದೆ. ನನ್ ಚಿಕ್ ತಟ್ಟೆ ತಗೊಂಡ್ಹೋಗು, ನಿಧಾನಕ್ಕೆ ನೋಡು."

"ನಿನ್ ತಟ್ಟೆ ಟೀ ಕಪ್ಪಿನ ಕೆಳಗಿಡೋಕೆ ಲಾಯಕ್ಕು. ಅದ್ರಲ್ಲಿ ಈ ಹೊಲ ಮುಗಿಸೋ ಹೊತ್ತಿಗೆ ನನ್ನ ಹೆಣ ಎತ್ತಬೇಕಾಗುತ್ತೆ."

ಡಾಟ್ ಹೆಗಲು ಕುಣಿಸಿ ಬೇಕರಿಗೆ ಹೊರಟಳು. ಗಂಡಸರಿಗೆ ತಟ್ಟೆಯ ವಿಷಯದಲ್ಲಿ ಬುದ್ಧಿ ಹೇಳುವುದನ್ನು ಅವಳು ಬಿಟ್ಟು ಬಹಳ ಕಾಲವಾಗಿತ್ತು.

ದುರದೃಷ್ಟ ನೋಡಿ, ದೊಡ್ಡ ತಟ್ಟೆ ಮೊದಲ ವಾರದಲ್ಲೇ ಅವನನ್ನು ಗೆಲ್ಲಿಸಿಬಿಟ್ಟಿತು. ಹೊಲದ ಮೇಲ್ಭಾಗದ ಮೊಳೆಯಿಲ್ಲದ ನೆಲದಲ್ಲಿ, ಮೊಣಕೈ ಮುಳುಗುವಷ್ಟು ಆಳದಿಂದ, ಯಾರಿಗೂ ಕೇಳದಿದ್ದ ದಪ್ಪ ಪೆನ್ನಿಗಳು ಎದ್ದವು. ಒಂದು ಮಧ್ಯಾಹ್ನ ಹೆಡ್‌ಫೋನಿನಲ್ಲಿ ತೆಳ್ಳಗೆ, ದೂರದಿಂದ ಕರೆದಂತೆ ಒಂದು ಸದ್ದು. ತೋಡಿದ, ಇನ್ನೂ ತೋಡಿದ, ಹೊಟ್ಟೆಯ ಮೇಲೆ ಮಲಗಿ ಕೈ ಇಳಿಸಿದ. ಮುಷ್ಟಿಯಲ್ಲಿ ಹಳದಿ ಮಿಂಚಿತು. ಸಾವರಿನ್! ಜೀವಮಾನವಿಡೀ ನಾವೆಲ್ಲ ಕನಸು ಕಾಣುವ ಅಪ್ಪಟ ಚಿನ್ನದ ನಾಣ್ಯ. ಬೇರೆ ಯಾರಾದರೂ ಆಗಿದ್ದರೆ ಊರು ತಲೆಕೆಳಗಾಗುವಂತೆ ಕೂಗುತ್ತಿದ್ದರು. ಲೆಸ್ ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಮನೆಗೆ ಹೋದ, ಅಡುಗೆಮನೆಯ ಮೇಜಿನ ಮೇಲಿಟ್ಟ.

ಗ್ವೆಂಡಾ ಬಟಾಣಿ ಸುಲಿಯುತ್ತಿದ್ದಳು. ನೋಡಿದಳು. "ಚೆನ್ನಾಗಿದೆ" ಎಂದಳು. "ಅದಲ್ಲ."

ಆದರೆ ಆ ನಾಣ್ಯ ಅವನ ತಲೆಯೊಳಗೆ ಕೂತುಬಿಟ್ಟಿತು. ನೂರೈವತ್ತು ವರ್ಷ ಅಡಗಿದ್ದ ಸಾವರಿನ್ನನ್ನು ಎಬ್ಬಿಸಿದ ತಟ್ಟೆ ಮೊನ್ನೆ ಬಿದ್ದ ಶಿಲ್ಲಿಂಗನ್ನು ಬಿಡುತ್ತದೆಯೇ? ಅವನು ಹೋಟೆಲಿನ ಜಾಗಕ್ಕೆ ಬಂದ. ಗೂಟ ಹೊಡೆದು, ದಾರ ಎಳೆದು, ಓಣಿಗಳಂತೆ ಪಟ್ಟಿ ಮಾಡಿಕೊಂಡ. ದೊಡ್ಡ ತಟ್ಟೆ ಅಲ್ಲಿ ಹುಚ್ಚು ಹಿಡಿದಂತೆ ಬೊಬ್ಬೆ ಹೊಡೆಯಿತು. ಒಂದೇ ಬೀಸಿಗೆ ಅದರ ಕೆಳಗೆ ಹತ್ತಾರು ಮೊಳೆ. ನಮ್ಮ ಕಸುಬಿನವರು ಇಂಥ ಕಡೆ ಏನು ಮಾಡುತ್ತಾರೋ ಅದನ್ನೇ ಲೆಸ್ ಮಾಡಿದ. ಯಂತ್ರದಲ್ಲಿ ಕಬ್ಬಿಣಕ್ಕೆ ಕಿವಿ ಮುಚ್ಚುವ ಒಂದು ವ್ಯವಸ್ಥೆ ಇರುತ್ತದೆ. ಅದನ್ನು ತಿರುಗಿಸಿದ. ಬೊಬ್ಬೆ ನಿಂತಿತು. ಆ ನಿಶ್ಶಬ್ದದಲ್ಲಿ ಅವನು ದಾರದಿಂದ ದಾರಕ್ಕೆ, ಉದ್ದಕ್ಕೂ ಅಡ್ಡಕ್ಕೂ, ಇಂಚೂ ಬಿಡದೆ ಬೀಸಿದ. ಹೆಗಲು ಬಾತುಕೊಂಡಿತು. ಕೇಳಿದ್ದು ಏನೂ ಇಲ್ಲ.

ಬೇಸಿಗೆ ಮುಗಿಯುತ್ತಿದ್ದಾಗ ಅವನು ಕೊಲ್‌ನ ಗೇಟಿಗೆ ಬಂದ. "ಆಯ್ತು" ಎಂದ.

"ಖಂಡಿತಾನಾ ಲೆಸ್? ಇನ್ನೊಂದ್ ತಿಂಗ್ಳು ಬೇಕಾದ್ರೆ ಹೇಳು. ನಂಗೇನೂ ಅವಸರ ಇಲ್ಲ."

"ನಾನ್ ಹೇಳಿದ್ಮೇಲೆ ಮುಗೀತು ಕೊಲ್. ಅಲ್ಲಿ ಏನೂ ಇಲ್ಲ."

"ನಿಜವಾಗ್ಲೂ?"

"ಎಷ್ಟ್ ಸಲ ಕೇಳ್ತೀಯಪ್ಪಾ? ತೋಡ್ಸು."

ತೋಡುವ ಯಂತ್ರ ಬಂತು. ಹೋಟೆಲಿನ ಮಣ್ಣೆಲ್ಲ ಎದ್ದು ಒಡ್ಡಾಗಿ, ಅದರ ಮೇಲೆ ರೋಲರ್ ಓಡಿತು. ಚಳಿಗಾಲದ ಮಳೆಗೆ ಕೆರೆ ತುಂಬಿತು. ಅಲ್ಲಿ ಏನೂ ಇರಲಿಲ್ಲ ಎಂದು ಲೆಸ್ ಗ್ವೆಂಡಾಳಿಗೂ ಹೇಳಿದ. ಅವಳು, "ಹೋಗ್ಲಿ, ಆ ನೀರಿನ ಕೆಳಗಂತೂ ಇಲ್ವಲ್ಲ. ದಾರೀಲಿ ಎಲ್ಲೋ ಬಿದ್ದಿರುತ್ತೆ, ಯಾವುದೋ ಹುಡುಗಿಗೆ ಸಿಕ್ಕಿರುತ್ತೆ, ಹಾಕ್ಕೊಂಡಿರ್ತಾಳೆ" ಎಂದಳು. ಅಂದಿನಿಂದ "ಸಿಕ್ತಾ?" ಎನ್ನುವುದನ್ನು ನಿಲ್ಲಿಸಿದಳು. ತೆಗೆದಿಟ್ಟಿದ್ದ ಮಗಳ ಫೋಟೋ ಮತ್ತೆ ಗೋಡೆಗೆ ಬಂತು. ತಟ್ಟೆಯಲ್ಲಿ ಬಡಿಸಿಕೊಂಡದ್ದನ್ನು ಅವಳು ಪೂರ್ತಿ ಉಣ್ಣತೊಡಗಿದಳು. ಇಷ್ಟರಮಟ್ಟಿಗಾದರೂ ಆಯಿತಲ್ಲ ಎಂದು ಲೆಸ್ ಉಸಿರು ಬಿಟ್ಟ.

ಅಕ್ಟೋಬರ್‌ನಲ್ಲಿ ನಾಣ್ಯ ಹುಡುಕುವ ನಮ್ಮ ಬಳಗದವರ ಪಿಕ್ನಿಕ್. ಸಾಸೇಜ್ ಸುಟ್ಟು, ಬ್ರೆಡ್ಡಿನಲ್ಲಿ ಸುತ್ತಿ ತಿಂದು, ಬಿಯರ್ ಕುಡಿದು, ಹುಲ್ಲಿನಲ್ಲಿ ಬಚ್ಚಿಟ್ಟ ನಾಣ್ಯ ಹುಡುಕುವ ಪಂದ್ಯ. ಈ ಸಲ ಬಚ್ಚಿಡುವ ಕೆಲಸ ಡಾಟ್‌ಳದು. ಲೆಸ್‌ಗೆ ಮನಸ್ಸಿರಲಿಲ್ಲ. ಗ್ವೆಂಡಾಳೇ, ಹೋಗಿ ಬಾ, ನಾಲ್ಕು ಜನರ ಮುಖ ನೋಡು, ಎಂದು ಕಳಿಸಿದ್ದಳು. ಯಂತ್ರಕ್ಕೆ ಬೇಸಿಗೆಯಲ್ಲಿ ಹಾಕಿದ ದೊಡ್ಡ ತಟ್ಟೆ ಹಾಗೇ ಇತ್ತು, ಕಬ್ಬಿಣಕ್ಕೆ ಮುಚ್ಚಿದ ಕಿವಿಯೂ ಹಾಗೇ ಇತ್ತು. ಅವನು ಬೀಸುತ್ತಾ ಬಂದ. ಡಾಟ್ ಕಿಸಕ್ಕೆಂದಳು.

"ದಾಟ್ಬಿಟ್ಟೆ ಕಣೋ! ನಿನ್ ಮುಚ್ಚಳದ ಕೆಳಗೇ ಇತ್ತು."

"ಸುಮ್ನಿರು ಮಾರಾಯ್ತಿ. ಏನೂ ಕೇಳ್ಲಿಲ್ಲ."

ಡಾಟ್ ಬೂಟಿನ ತುದಿಯಿಂದ ಹುಲ್ಲು ಸರಿಸಿದಳು. ಅವಳೇ ಬಚ್ಚಿಟ್ಟ, ತೂತಿಲ್ಲದ ಒಂದು ಬೆಳ್ಳಿ ಶಿಲ್ಲಿಂಗ್ ಇತ್ತು. ಅದರ ಪಕ್ಕದಲ್ಲೇ ಎರಡು ತುಕ್ಕು ಹಿಡಿದ ಮೊಳೆ.

"ಆಟ ಸ್ವಲ್ಪ ಕಷ್ಟ ಇರ್ಲಿ ಅಂತ ಮೊಳೇನೂ ಹಾಕಿದೀನಿ. ನನ್ನಂಥ ಚಿಕ್ ತಟ್ಟೆಯೋರು ಗೆಲ್ಬೇಕಲ್ಲಾ!"

ಲೆಸ್ ಮತ್ತೆ ಬೀಸಿದ. ನಾಣ್ಯ ಕಣ್ಣೆದುರಿಗೇ ಬಿಸಿಲಿಗೆ ಹೊಳೆಯುತ್ತಿದೆ, ಹೆಡ್‌ಫೋನಿನಲ್ಲಿ ನಿಶ್ಶಬ್ದ. ಅವನು ಬಗ್ಗಿ ಮೊಳೆಗಳನ್ನು ತೆಗೆದು ಬೀಸಿದ. ಯಂತ್ರ ಗಂಟೆಯಂತೆ ಕೂಗಿತು. ಮೊಳೆ ಇಟ್ಟ. ನಿಶ್ಶಬ್ದ. ಡಾಟ್‌ಳ ಕೈಯಿಂದ ಅವಳ ಯಂತ್ರ ಕಸಿದುಕೊಂಡು ಆ ಅಂಗೈಯಷ್ಟು ತಟ್ಟೆಯನ್ನು ನಾಣ್ಯದ ಮೇಲೆ ಆಡಿಸಿದ. ಅದು ಮೊಳೆಯ ಪಕ್ಕದಿಂದಲೇ ನಾಣ್ಯವನ್ನು ಹೆಕ್ಕಿ ಕೂಗಿತು. ಮತ್ತೆ ದೊಡ್ಡದು. ನಿಶ್ಶಬ್ದ. ಅಗಲ ತಟ್ಟೆಯ ಕೆಳಗೆ ಮೊಳೆಯೂ ನಾಣ್ಯವೂ ಒಟ್ಟಿಗೇ ಬಂದರೆ ಮೊಳೆಯ ಬಾಯಿ ಕಟ್ಟಿದಾಗ ನಾಣ್ಯದ ಬಾಯಿಯೂ ಕಟ್ಟುತ್ತದೆ. ಇದು ಅವನು ಕೇಳಿರದ ಸಂಗತಿಯೇನಲ್ಲ. ಕೇಳಿಯೂ ತಲೆಗೆ ಹಾಕಿಕೊಂಡಿರಲಿಲ್ಲ. ಅವನು ಮೊಳೆ ಇಡುತ್ತಾ, ತೆಗೆಯುತ್ತಾ, ಬೀಸುತ್ತಾ ಅಲ್ಲೇ ಮಂಡಿಯೂರಿದ್ದ. ಮೊದಮೊದಲು ಸುತ್ತ ನಿಂತವರು ನಗುತ್ತಿದ್ದರು, ಆಮೇಲೆ ಯಾರೂ ನಗಲಿಲ್ಲ.

"ಲೆಸ್, ಏಳಪ್ಪಾ. ಸಾಕು" ಎಂದಳು ಡಾಟ್. ಅವಳಿಗೆ ಗೊತ್ತಾಗಿತ್ತು.

ಅವನು ಯಂತ್ರವನ್ನು ಹುಲ್ಲಿನಲ್ಲೇ ಬಿಟ್ಟು ಕಾರು ಹತ್ತಿ ನೇರ ಕೊಲ್‌ನಲ್ಲಿಗೆ ಹೋದ. ಕೆರೆಯ ಒಡ್ಡಿನ ಮೇಲೆ ನಿಂತು, ನೀರು ಖಾಲಿ ಮಾಡಿಸು, ಒಡ್ಡು ಒಡೆಸು, ಮಣ್ಣನ್ನೆಲ್ಲ ನಾನು ಜರಡಿ ಹಿಡಿಯುತ್ತೇನೆ ಎಂದು ಬಡಬಡಿಸಿದ. ಕೊಲ್ ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತಾ ನಿಂತ.

"ಎಲ್ಲಿ ಅಂತ ಜರಡಿ ಹಿಡೀತೀಯಾ ಲೆಸ್? ಅರ್ಧ ಮಣ್ಣು ಒಡ್ಡಿಗೆ ಹೋಯ್ತು. ಇನ್ನರ್ಧ ಲಾರಿ ತುಂಬಿಸಿ ರಸ್ತೆ ಗುಂಡಿಗೆ ಅಂತ ಕಳಿಸ್ಬಿಟ್ಟೆ." ಸ್ವಲ್ಪ ತಡೆದು ಮೆಲ್ಲಗೆ ಹೇಳಿದ. "ನಾನು ಕೇಳಿದ್ದೆನಲ್ಲಪ್ಪಾ. ಮತ್ತೆ ಮತ್ತೆ ಕೇಳಿದ್ದೆ."

ಲೆಸ್ ಒಡ್ಡಿನಿಂದ ಇಳಿದು ನೀರಂಚಿನ ಕೆಸರಿನಲ್ಲಿ ನಿಂತ. ಶಿಲ್ಲಿಂಗ್ ಅಲ್ಲಿತ್ತೋ ಇಲ್ಲವೋ, ಇನ್ನು ಯಾರೂ ಹೇಳುವಂತಿಲ್ಲ. ಹೇಳಬಲ್ಲವನು ಅವನೊಬ್ಬನೇ ಆಗಿದ್ದ, ಹೇಳಿಯೂ ಆಗಿತ್ತು.

ಮನೆಗೆ ಬಂದಾಗ ಗ್ವೆಂಡಾ ಒಲೆಯ ಮುಂದಿದ್ದಳು. ಅವನ ಬೂಟಿನ ಕೆಸರು ನೋಡಿ ಹುಬ್ಬೇರಿಸಿದಳು.

"ಪಿಕ್ನಿಕ್ಕಲ್ಲಿ ಎಲ್ಲಿಂದ ಬಂತು ಇಷ್ಟು ಕೆಸರು? ಕೊಲ್ ಕೆರೆಗೆ ಹೋಗಿದ್ಯಾ? ಯಾಕೆ?"

ಅವನು ಸುಳ್ಳು ಹೇಳಬಹುದಿತ್ತು. ದಾರಿಯುದ್ದಕ್ಕೂ ಅದನ್ನೇ ಹೇಳಬೇಕೆಂದು ಗಟ್ಟಿ ಮಾಡಿಕೊಂಡೇ ಬಂದಿದ್ದ. ಆದರೆ ಒಬ್ಬನೇ ಹೊರಲಾರದಷ್ಟು ಭಾರವಿತ್ತು, ಬಾಯಿ ತೆರೆದದ್ದೇ ಹೊರಬಿತ್ತು.

"ಅದು ಅಲ್ಲೇ ಇದ್ದಿರಬೋದು, ಗ್ವೆನ್. ನಾನೇ ಅದರ ಮೇಲೆ ಹಾದ್ಹೋಗಿರಬೋದು. ನಂಗೆ ಕೇಳಿಸ್ಲಿಲ್ಲ. ಆ ತಟ್ಟೆಗೆ ಕೇಳಿಸ್ತಾನೇ ಇರ್ಲಿಲ್ಲ."

ಗ್ವೆಂಡಾ ಒಲೆ ಆರಿಸಿದಳು. ಕುರ್ಚಿ ಎಳೆದುಕೊಂಡು ಕೂತಳು. ಮಗಳು ಸತ್ತ ದಿನವೂ ಅವಳ ಮುಖ ಹೀಗಾದದ್ದನ್ನು ಅವನು ನೋಡಿರಲಿಲ್ಲ.

"ಅಲ್ಲಿಲ್ಲ ಅಂದಿದ್ದೆಯಲ್ಲ" ಎಂದಳು. "ಅದನ್ನ ನಂಬ್ಕೊಂಡು ನಾನು ಊಟ ಮಾಡ್ತಿದ್ದೆ, ನಿದ್ದೆ ಮಾಡ್ತಿದ್ದೆ. ಇದನ್ನ ಈಗ ಯಾಕೆ ಹೇಳ್ದೆ ಲೆಸ್? ನಂಗ್ಯಾಕೆ ಹೇಳ್ದೆ?"