ಲಿಫ್ಟಪ್ಪ ಹಿತ್ತಲಿಗೆ ಗಿಡ ಆರಿಸಿದ್ದು

ಬೀದಿಯವರ ಬಾಯಲ್ಲಿ ಅವನು ಲಿಫ್ಟಪ್ಪ. ಮೂವತ್ತೊಂದು ವರ್ಷ ಎತ್ತೆತ್ತರದ ಕಟ್ಟಡಗಳ ಲಿಫ್ಟು ರಿಪೇರಿ ಮಾಡಿ ನಿವೃತ್ತನಾದ ಆಸಾಮಿ. ಹಗ್ಗ, ಗಾಲಿ, ಮೋಟಾರು ಅಂದರೆ ನೀರು ಕುಡಿದಷ್ಟು ಸಲೀಸು, ಗಿಡದ ವಿಷಯಕ್ಕೆ ಬಂದರೆ ಓನಾಮವೂ ಗೊತ್ತಿಲ್ಲ. ಗೊತ್ತಿರಬೇಕಾದ ಅಗತ್ಯವೇ ಬಂದಿರಲಿಲ್ಲ ಅನ್ನಿ, ಹಿತ್ತಲು ಹೆಂಡತಿಯದು. ಆಕೆ ಬೆಳಗಾದರೆ ಸೆರಗು ಸಿಕ್ಕಿಸಿಕೊಂಡು ಇಳಿದುಬಿಡುತ್ತಿದ್ದಳು. ಒಂದು ಗಿಡಕ್ಕೆ ನೀರು, ಒಂದಕ್ಕೆ ಗೊಬ್ಬರ, ಎಲ್ಲಕ್ಕೂ ಒಂದೊಂದು ಬೈಗುಳ.

ಅಂಥವಳ ಸೊಂಟ ಒಂದು ದಿನ ಹಿಡಿದುಕೊಂಡಿತು. ಇನ್ನು ಬಗ್ಗುವ ಹಾಗಿಲ್ಲ, ಬಿಂದಿಗೆ ಎತ್ತುವ ಹಾಗಿಲ್ಲ ಅಂದರು ಡಾಕ್ಟರು. ಆಕೆ ಅಳಲಿಲ್ಲ. ಅಡುಗೆಮನೆಯ ಕಿಟಕಿಗೆ ಒಂದು ದಪ್ಪ ಪರದೆ ಕಟ್ಟಿ, ಗಾರೆಯವನನ್ನು ಕರೆಸಿ ಹಿತ್ತಲ ಅಳತೆ ತೆಗೆಸಿದಳು.

"ಕಣ್ಣೆದುರಿಗೇ ಒಣಗೋದನ್ನ ನೋಡ್ತಾ ಕೂರೋ ಬದಲು ಕಲ್ಲು ಹಾಸಿಬಿಡೋದು ವಾಸಿ," ಅಂದಳು.

ಲಿಫ್ಟಪ್ಪನಿಗೆ ನೋವಾಯಿತು. ಕಲ್ಲಿನ ಮಾತಿಗಲ್ಲ, ಆ ಪರದೆಗೆ. "ಯಾರೂ ಮುಟ್ಟದಿದ್ರೂ ಬದುಕೋ ಗಿಡ ಹಾಕ್ತೀನಿ. ಮುಂದಿನ ಬೇಸಿಗೆ ಮುಗಿಯೋವರೆಗೆ ಟೈಮ್ ಕೊಡು. ಒಣಗಿದ್ರೆ ಗಾರೆಯವನು ಬರಲಿ," ಅಂದ. ಆಕೆ ಗಾರೆಯವನಿಗೆ ಬೇಸಿಗೆ ಕಳೆದು ಬಾ ಅಂತ ಹೇಳಿಕಳಿಸಿದಳು.

ಮಾತೇನೋ ಕೊಟ್ಟಾಯಿತು, ಗಿಡ ಯಾವುದು? ಲಿಫ್ಟಪ್ಪ ತನಗೆ ಗೊತ್ತಿದ್ದ ದಾರಿಯನ್ನೇ ಹಿಡಿದ. ಯಾವ ಹಗ್ಗ ಬಾಳಿಕೆ ಬರುತ್ತೆ ಅಂತ ಅವನು ಯಾವತ್ತೂ ಅಂಗಡಿಯವನನ್ನು ಕೇಳಿದವನಲ್ಲ, ಹತ್ತು ವರ್ಷ ಯಾರೂ ತಿರುಗಿ ನೋಡದ ಲಿಫ್ಟಿನೊಳಗೆ ಇಣುಕಿದವನು. ಹಾಗಾದರೆ ಊರಲ್ಲಿ ಹತ್ತು ವರ್ಷ ಯಾರೂ ನೀರು ಹಾಕದ ಜಾಗಗಳು ಯಾವುವು? ಚೀಟಿ ಪೆನ್ಸಿಲು ಹಿಡಿದು ಹೊರಟ.

ಮುಚ್ಚಿಹೋದ ಪೆಟ್ರೋಲ್ ಬಂಕಿನ ತಗಡಿನ ಮೇಲೆ ಕಾಗದದ ಹೂವಿನ ಬಳ್ಳಿ ಮೆರೆಯುತ್ತಿತ್ತು. ರೈಲ್ವೆ ಶೆಡ್ಡಿನ ಹಿಂದೆ ಜಲ್ಲಿಕಲ್ಲಿನಲ್ಲೇ ಲೋಳೆಸರ ಸಂಸಾರ ಹೂಡಿತ್ತು. ಬೀಗ ಬಿದ್ದ ವರ್ಕ್‌ಶಾಪಿನ ಗೋಡೆಯ ಬಿರುಕಿನಲ್ಲಿ ನಿತ್ಯಪುಷ್ಪ, ಅದರ ಒಣ ಚರಂಡಿಯ ಅಂಚಿನಲ್ಲಿ ಮಜ್ಜಿಗೆಹುಲ್ಲು, ಗೇಟಿನ ಬದಿಗೆ ಕಣಗಿಲೆ. ಒಂದು ಲೋಳೆಸರದ ಎಲೆ ಮುರಿದು ಹಿಸುಕಿ ನೋಡಿದ, ಬೊಗಸೆ ಒದ್ದೆಯಾಯಿತು. "ಎಲಾ ಇದರ, ಟ್ಯಾಂಕು ಒಳಗೇ ಇಟ್ಕೊಂಡಿದೆಯಲ್ಲ," ಅಂದುಕೊಂಡ. ಕಾಗದದ ಹೂವಿಗೆ ಬಾಯಾರಿದಾಗಲೇ ಬಣ್ಣ ಹೆಚ್ಚು ಯಾಕೆ? ಹುಲ್ಲಿನ ಎಲೆ ಮಧ್ಯಾಹ್ನ ಸುರುಳಿ ಸುತ್ತಿ ಸಂಜೆ ಬಿಚ್ಚಿಕೊಳ್ಳುವುದು ಯಾಕೆ? ವರ್ಕ್‌ಶಾಪಿನ ಕಾವಲುಗಾರ ಇವನನ್ನು ಕಳ್ಳ ಅಂದುಕೊಂಡು ಬಂದವನು, ಕೊನೆಗೆ ತಾನೂ ಕುಕ್ಕರುಗಾಲಲ್ಲಿ ಕೂತು ಆ ಸುರುಳಿ ಬಿಚ್ಚುವುದನ್ನು ನೋಡಿದ.

ಚೀಟಿ ಹಿಡಿದು ನರ್ಸರಿಗೆ ಹೋದ. ಅಂಗಡಿಯಾಕೆ ಓದಿ ನಕ್ಕಳು. "ಸಾಯದೇ ಇರೋ ಗಿಡಗಳನ್ನೇ ಆರಿಸಿದ್ದೀರಲ್ಲ, ನನ್ನ ಹೊಟ್ಟೆ ಮೇಲೆ ಹೊಡಿಯೋಕೆ," ಅಂದಳು. ಆಮೇಲೆ ಕಣಗಿಲೆಯನ್ನು ತಾನೇ ಪೆನ್ಸಿಲಿನಿಂದ ಹೊಡೆದುಹಾಕಿದಳು. ಅದು ವಿಷ, ಮನೆ ಹತ್ತಿರ ಬೇಡ. ಮೊದಲ ಮಳೆಗೆ ನೆಡಿ, ಬುಡಕ್ಕೆ ಒಣಗಿದ ಎಲೆ ಹೊದಿಸಿ, ಆಮೇಲೆ ಸುಮ್ಮನಿರಿ ಅಂದಳು.

ಆ ಸುಮ್ಮನಿರುವುದಿದೆಯಲ್ಲ, ಅದೊಂದೇ ಲಿಫ್ಟಪ್ಪನಿಗೆ ಬಾರದ ವಿದ್ಯೆ. ಮೂವತ್ತೊಂದು ವರ್ಷ ಪ್ರತಿ ತಿಂಗಳ ಒಂದನೇ ತಾರೀಖು ಸರ್ವೀಸು ಮಾಡಿದ ಕೈ. ನೆಟ್ಟು ತಿಂಗಳು ತುಂಬುತ್ತಲೇ ಒಂದೊಂದು ಗಿಡವನ್ನೂ ಮೆಲ್ಲಗೆ ಮೇಲೆತ್ತಿ ಬೇರು ಎಷ್ಟು ಬಂದಿದೆ ಅಂತ ನೋಡಿ, ಮತ್ತೆ ಹೂತು, ಬಿಂದಿಗೆ ನೀರು ಸುರಿದ. ಮುಂದಿನ ತಿಂಗಳೂ ಅದೇ. ಜಲ್ಲಿಕಲ್ಲಿನಲ್ಲಿ ಬದುಕಿದ ಲೋಳೆಸರ ಇವನ ಆರೈಕೆಯಲ್ಲಿ ಕೊಳೆತು ಮಲಗಿತು.

ಪರದೆಯ ಹಿಂದಿನಿಂದ ದನಿ ಬಂತು. "ರೀ, ಅದೇನು ಲಿಫ್ಟಾ, ತಿಂಗಳಿಗೊಂದ್ಸಲ ಬಿಚ್ಚಿ ನೋಡೋಕೆ? ಬೇರು ಬಿಡೋಕಾದ್ರೂ ಬಿಡಿ ಅದನ್ನ."

ಅಂದರೆ ಪರದೆಯ ಸಂದಿಯಿಂದ ನೋಡುತ್ತಿದ್ದಾಳೆ. ಲೋಳೆಸರ ಹೋದ ದುಃಖ ಅಲ್ಲೇ ಮರೆತುಹೋಯಿತು ಅವನಿಗೆ.

ಹೊಸದು ತಂದು ನೆಟ್ಟ. ಒಂದನೇ ತಾರೀಖು ಬಂದರೆ ಕೈ ಕಟ್ಟಿಕೊಂಡು ಬಸ್ಸು ಹತ್ತಿ ಊರೆಲ್ಲ ಸುತ್ತಿ ಬರುತ್ತಿದ್ದ. ಚಳಿ ಬಂತು, ಹೋಯಿತು. ಬೇಸಿಗೆ ಬಂದು ರಸ್ತೆಯ ಡಾಂಬರು ಮೆತ್ತಗಾಯಿತು. ಹಿತ್ತಲು ಜಪ್ಪಯ್ಯ ಅನ್ನಲಿಲ್ಲ. ಬೇಸಿಗೆ ಮುಗಿದ ಮೇಲೆ ಟೇಪು ಹಿಡಿದು ಬಂದ ಗಾರೆಯವನು ಕಾಗದದ ಹೂವಿನ ಕೆಳಗೆ ನಿಂತು, ಮಜ್ಜಿಗೆಹುಲ್ಲಿನ ಒಂದು ಬುಡ ಕೇಳಿಕೊಂಡು ವಾಪಸು ಹೋದ.

ಆಕೆ ಪರದೆ ಪೂರ್ತಿ ಸರಿಸಿ ನೋಡಿದಳು. ಲಿಫ್ಟಪ್ಪ ಶಾಲೆಯ ಹುಡುಗನ ಹಾಗೆ ಕಾದು ನಿಂತ.

"ಚೆನ್ನಾಗಿದೆ ರೀ. ಗೆದ್ದುಬಿಟ್ರಿ," ಅಂದಳು. ಒಂದೊಂದೇ ಗಿಡದ ಮೇಲೆ ಕಣ್ಣು ಹಾಯಿಸಿ, "ಒಂದಕ್ಕೂ ನಾನು ಬೇಕಾಗಿಲ್ಲ," ಅಂದಳು. ಪರದೆ ಅರ್ಧ ಮುಚ್ಚಿತು.

ಲಿಫ್ಟಪ್ಪನಿಗೆ ಕೆನ್ನೆಗೆ ಹೊಡೆದಂತಾಯಿತು. ಊರೆಲ್ಲ ಅಲೆದು ಗಿಡದ ಹೊಟ್ಟೆಯೊಳಗಿನ ಟ್ಯಾಂಕನ್ನು ಪತ್ತೆ ಮಾಡಿದವನು, ಪಕ್ಕದಲ್ಲಿ ಕೂತವಳಿಗೆ ಏನು ಬೇಕು ಅಂತ ಒಂದು ಸಲವೂ ಕೇಳಿರಲಿಲ್ಲ. ನಾಚಿಕೆಯಾಯಿತು. ಚಪ್ಪಲಿ ಮೆಟ್ಟಿಕೊಂಡು ನೇರ ನರ್ಸರಿಗೆ ನಡೆದ.

"ನಿಮ್ಮಲ್ಲಿರೋದ್ರಲ್ಲೇ ಅತಿ ರಗಳೆ ಗಿಡ ಕೊಡಿ. ದಿನಾ ಯಾರಾದ್ರೂ ನೋಡ್ಕೊಳ್ಳದಿದ್ರೆ ಆಗಲ್ಲ ಅನ್ನೋದು."

ಅಂಗಡಿಯಾಕೆ ಅವನ ಮುಖ ನೋಡಿ, ನೆರಳಿನಿಂದ ಒಂದು ಜರಿಗಿಡ ತಂದಳು. ನೂಲಿನಂಥ ಕಪ್ಪು ದಂಟು, ಉಗುರಗಲದ ಎಲೆ. "ಬೆಳಿಗ್ಗೆ ಸಂಜೆ ನೀರು ಚಿಮುಕಿಸಬೇಕು. ಒಂದು ದಿನ ಮರೆತ್ರೂ ಮುನಿಸ್ಕೊಳ್ಳುತ್ತೆ," ಅಂದಳು.

ಅವತ್ತು ಮಧ್ಯಾಹ್ನ ಹೆಂಡತಿ ನಿದ್ದೆ ಹೋದಾಗ ಅವನು ಹಳೆಯ ಗಾಲಿ, ಹಗ್ಗ ಹೊರತೆಗೆದ. ಕಿಟಕಿಯ ಹೊರಗೆ, ನೆರಳಿರುವ ಕಡೆ, ಮೇಲೆ ಕೆಳಗೆ ಹೋಗುವ ಒಂದು ಪುಟ್ಟ ಹಲಗೆ ಕಟ್ಟಿ, ತಿರುಗಿಸಲು ಹಿಡಿ ಸಿಕ್ಕಿಸಿ, ಜರಿಗಿಡ ಇಟ್ಟ. ಆಕೆ ಎದ್ದ ಮೇಲೆ ಒಂದು ನೆವ ಹೇಳಿ ಕಿಟಕಿಯ ಬಳಿ ನಿಲ್ಲಿಸಿ ನೆಲದಿಂದ ಅಂಗೈವರೆಗೆ ಅಳೆದ. ಲಿಫ್ಟು ಮಹಡಿಗೆ ಸಮವಾಗಿ ನಿಲ್ಲಬೇಕು, ಅರ್ಧ ಬೆರಳು ಮೇಲೆ ಕೆಳಗಾದರೂ ಜನ ಎಡವುತ್ತಾರೆ. ಹಿಡಿ ತಿರುಗಿಸಿದ. ಜರಿಗಿಡ ಮೆಲ್ಲಗೆ ಮೇಲೆದ್ದು ಬಂದು, ಬಗ್ಗುವ ಅಗತ್ಯವೇ ಇಲ್ಲದಂತೆ, ಅವಳ ಅಂಗೈ ಎದುರಿಗೆ ನಿಂತಿತು.

ಆಕೆ ಎಲೆಯ ತುದಿಯನ್ನು ಬೆರಳಲ್ಲಿ ಹಿಡಿದು ನೋಡಿದಳು.

"ಆಗಲೇ ಕಂದಿದೆಯಲ್ರೀ. ತರುವಾಗ ಬಿಸಿಲಲ್ಲಿ ತಂದ್ರಾ? ಸ್ವಲ್ಪವೂ ಬುದ್ಧಿ ಬೇಡ್ವಾ?" ಅಂದಳು. ಆಮೇಲೆ ಗಿಡದ ಕಡೆ ತಿರುಗಿ, "ನೀನೇನು ಮಹಾರಾಣಿಯಾ, ಇಷ್ಟಕ್ಕೇ ಮುಖ ಬಾಡಿಸೋಕೆ?" ಅಂತ ಅದಕ್ಕೂ ಬೈದಳು.

ಲಿಫ್ಟಪ್ಪ ಹಿಡಿ ಬಿಡದೆ ನಿಂತು ಬೈಸಿಕೊಂಡ. ಮಾರನೆಯ ದಿನ ಆಕೆ ಪರದೆ ಬಿಚ್ಚಿ ಒಗೆಯಲು ಹಾಕಿದಳು. ಅದು ಒಣಗಿದ ಮೇಲೆ ಮಡಿಸಿ ಪೆಟ್ಟಿಗೆಯಲ್ಲಿಟ್ಟಳು.